ಕೊಸರಿನ ಗುಬ್ಬಿ

ನಮ್ಮ ರಸ್ತೆಯ ಮೂಲೆಯಲ್ಲಿ ಬೆಳಿಗ್ಗೆ ಆರೂವರೆಗೆ ಒಬ್ಬ ಸೊಪ್ಪಿನಾಕೆ ಬಂದು ಕೂರುತ್ತಾಳೆ. ನೀಲಿ ಟಾರ್ಪಾಲು, ಅದರ ಮೇಲೆ ನೆನೆಸಿದ ಗೋಣಿಚೀಲ, ಅದರ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ. ಪಕ್ಕದಲ್ಲಿ ಒಂದು ಹಳೆಯ ಪೇಂಟಿನ ಡಬ್ಬ. ಡಬ್ಬದಲ್ಲಿ ನೀರು, ನೀರಿನಲ್ಲಿ ಕರಿಬೇವು. ಆ ಕರಿಬೇವಿಗೆ ರೇಟಿಲ್ಲ. ಅದನ್ನು ಅವಳು ಮಾರುವುದೇ ಇಲ್ಲ. ನೀವು ಎರಡು ಕಟ್ಟು ಸೊಪ್ಪು ಕೊಂಡು, ದುಡ್ಡು ಕೊಟ್ಟು, ಇನ್ನೇನು ಹೊರಡಬೇಕು ಅನ್ನುವಾಗ ಅವಳ ಕೈ ತಾನಾಗೇ ಡಬ್ಬಕ್ಕೆ ಹೋಗುತ್ತದೆ. ಎರಡು ಕಡ್ಡಿ ಮುರಿದು, ನೀರು ಕೊಡವಿ, ಚೀಲದೊಳಗೆ ತುರುಕುತ್ತಾಳೆ. ನಿಮ್ಮ ಮುಖ ಕೂಡ ನೋಡುವುದಿಲ್ಲ. ಅಷ್ಟು ಹೊತ್ತಿಗೆ ಅವಳ ಮಾತು ಮುಂದಿನವರ ಜೊತೆ ಶುರುವಾಗಿರುತ್ತದೆ. ಈಗ ಅವಳೂ ಕ್ಯೂಆರ್ ಕೋಡ್ ಇಟ್ಟಿದ್ದಾಳೆ. ಸ್ಕ್ಯಾನ್ ಮಾಡಿದರೆ ಪುಟ್ಟ ಪೆಟ್ಟಿಗೆಯೊಂದು ‘ಮೂವತ್ತು ರೂಪಾಯಿ’ ಅಂತ ಇಡೀ ಬೀದಿಗೆ ಕೇಳುವಂತೆ ಕೂಗುತ್ತದೆ. ಕರಿಬೇವಿನ ವಿಷಯ ಆ ಪೆಟ್ಟಿಗೆಗೆ ಗೊತ್ತಿಲ್ಲ.

ಇದನ್ನೇ ಕೊಸರು ಅನ್ನುವುದು. ಅಳೆದು, ತೂಗಿ, ಎಣಿಸಿ ಎಲ್ಲ ಮುಗಿದ ಮೇಲೆ ಬಂದು ಬೀಳುವ ಒಂಚೂರು ಹೆಚ್ಚಿಗೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಮೊಳ ಹಾಕುವುದನ್ನು ನೋಡಬೇಕು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಆದರೆ ಮೊಳ ಮುಗಿದ ಜಾಗದಲ್ಲೇ ದಾರ ಕತ್ತರಿಸುವುದಿಲ್ಲ, ಬೆರಳನ್ನು ಇನ್ನಷ್ಟು ಆಚೆ ಜರುಗಿಸಿ ಕತ್ತರಿಸುತ್ತಾರೆ. (ಉದ್ದ ಕೈಯವರ ಹತ್ತಿರವೇ ಹೂವು ಕೊಳ್ಳಬೇಕು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅದು ಬೇರೆ ವಿಷಯ.) ಹಾಲಿನವನು ಲೀಟರ್ ಅಳೆದ ಮೇಲೆ ಪಾತ್ರೆಗೆ ಇನ್ನೊಂದು ಸಣ್ಣ ಧಾರೆ. ರಾಗಿ ಅಳೆಯುವಾಗ ಸೇರಿನ ಮೇಲೊಂದು ಗೋಪುರ. ನಮ್ಮ ತಾತ ಅಳೆಯುವಾಗ ‘ಒಂದು’ ಅನ್ನುತ್ತಲೇ ಇರಲಿಲ್ಲ. ‘ಲಾಭ’, ಆಮೇಲೆ ‘ಎರಡು’, ‘ಮೂರು’. ಊರಿನವರೆಲ್ಲ ಹಾಗೇ ಎಣಿಸುತ್ತಿದ್ದರು, ನಮ್ಮಂಥ ಕ್ರೈಸ್ತರಿಗೆ ಅಂತ ಬೇರೆ ಲೆಕ್ಕ ಇರಲಿಲ್ಲ. ಮೊದಲನೇ ಸೇರೇ ಲಾಭ. ಎಣಿಕೆ ಶುರುವಾಗುವ ಮೊದಲೇ ಒಂದು ಬಂದು ಕೂತಿರುತ್ತಿತ್ತು.

ನಮ್ಮಪ್ಪ ಕೊಸರನ್ನು ಬಾಯಿಬಿಟ್ಟು ಕೇಳುವವರು. ಹತ್ತು ರೂಪಾಯಿಯ ಬದನೆಕಾಯಿಯನ್ನು ಎಂಟಕ್ಕೆ ಇಳಿಸಿ, ಆ ಎಂಟನ್ನೂ ಉಪಕಾರ ಮಾಡಿದವರ ಹಾಗೆ ಕೊಟ್ಟು, ‘ಎರಡು ಹಸಿಮೆಣಸಿನಕಾಯಿ ಹಾಕಪ್ಪಾ’ ಅನ್ನುತ್ತಿದ್ದರು. ಹಾಕಿದರೆ ‘ಇದೇನಯ್ಯ, ಎರಡೇ ಹಾಕಿದೆ?’ ಅನ್ನುವವರು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಮಾತು ಇವರನ್ನು ನೋಡಿಯೇ ಹುಟ್ಟಿದ್ದು ಅಂತ ನನಗೆ ಬಹಳ ದಿನ ಗುಮಾನಿ ಇತ್ತು. ಅಮ್ಮ ನಾಚಿಕೆಯಿಂದ ಹತ್ತು ಹೆಜ್ಜೆ ಮುಂದೆ ಹೋಗಿ, ತೆಂಗಿನಕಾಯಿ ಅಂಗಡಿಯನ್ನು ನೋಡುತ್ತ ನಿಲ್ಲುತ್ತಿದ್ದಳು.

ಅವಳೊಬ್ಬಳೇ ಸಂತೆಗೆ ಹೋದಾಗ ಕಥೆ ಬೇರೆ. ಚೌಕಾಸಿ ಇಲ್ಲ, ಕೇಳುವುದೂ ಇಲ್ಲ. ದುಡ್ಡು ಕೊಟ್ಟ ಮೇಲೆ ಚೀಲದ ಬಾಯಿ ಮುಚ್ಚದೆ ಒಂದು ಗಳಿಗೆ ಸುಮ್ನೆ ನಿಲ್ಲುತ್ತಿದ್ದಳು. ಅಷ್ಟೇ. ಏನಾದರೂ ಬಿದ್ದರೆ ಬಿತ್ತು. ಒಂದೊಂದು ಸಲ ಏನೂ ಬೀಳುತ್ತಿರಲಿಲ್ಲ. ಆಗಲೂ ಮುಖ ಸಪ್ಪೆ ಮಾಡಿಕೊಳ್ಳದೆ ಹೊರಡುತ್ತಿದ್ದಳು. ‘ಕೇಳಬಾರದೇನಮ್ಮಾ?’ ಅಂದರೆ, ‘ಕೇಳಿ ಈಸ್ಕೊಂಡ್ರೆ ಅದೂ ವ್ಯಾಪಾರ ಆಗೋಯ್ತಲ್ಲೇ’ ಅನ್ನುತ್ತಿದ್ದಳು.

ನಾನು ಅಪ್ಪನ ಮಗಳು. ಅದು ಗೊತ್ತಾದದ್ದು ದೇವರ ಜೊತೆಗಿನ ವ್ಯವಹಾರದಲ್ಲಿ.

ನನಗೆ ಹದಿನಾರು ವರ್ಷವಾಗಿದ್ದಾಗ ಯೌವನಸ್ಥರ ಶಿಬಿರವೊಂದರಲ್ಲಿ ಹುಣಸೆಮರದ ಕೆಳಗೆ ಕೂರಿಸಿ ಒಬ್ಬೊಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟರು. ‘ನಿಮ್ಮ ಬಗ್ಗೆ ದೇವರಿಗೆ ಒಂದು ಉದ್ದೇಶ ಇದೆ. ಪ್ರಾರ್ಥನೆ ಮಾಡಿ, ಅದೇನು ಅಂತ ಬರೆಯಿರಿ’ ಅಂದರು. ಅರ್ಧ ಗಂಟೆ ಟೈಮು. ನಾನು ‘ಡಾಕ್ಟರಾಗಿ ಮಿಷನ್ ಆಸ್ಪತ್ರೆಯಲ್ಲಿ ಸೇವೆ’ ಅಂತ ಬರೆದೆ. ನಾನು ಹುಟ್ಟಿದ್ದೇ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ. 1906ರಿಂದ ಇರುವ ಅದನ್ನು ನಮ್ಮವರು ಮಿಷನ್ ಆಸ್ಪತ್ರೆ ಅಂತಲೇ ಕರೆಯುವುದು. ಹುಟ್ಟಿದ ಜಾಗದಲ್ಲೇ ಡಾಕ್ಟರಾಗುವುದು ದೇವರಿಗೂ ಚೆನ್ನಾಗಿ ಕಂಡಿರಬೇಕು ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದವಳಿಗೆ ಏನೂ ಹೊಳೆಯದೆ ನನ್ನದನ್ನೇ ಕಾಪಿ ಹೊಡೆದಳು. ತಮಾಷೆ ಅಂದರೆ ಮುಂದೆ ಅವಳು ನರ್ಸಾದಳು. ನನಗೆ ಪಿಯುಸಿಯಲ್ಲಿ ಮಾರ್ಕ್ಸ್ ಸಾಲಲಿಲ್ಲ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆದೆ. 31 ವರ್ಷ. ಕ್ಯಾಷ್ ಕೌಂಟರಿನಲ್ಲಿ ಕೊಸರು ಅನ್ನುವ ಮಾತಿಲ್ಲ. ಸಂಜೆ ಟ್ಯಾಲಿ ಆಗಲೇಬೇಕು. ಕಮ್ಮಿ ಬಂದರೆ ನಮ್ಮ ಕೈಯಿಂದ ತುಂಬಬೇಕು. ಒಮ್ಮೆ ಐನೂರು ತುಂಬಿ, ಆ ತಿಂಗಳೆಲ್ಲ ಬಸ್ಸು ಬಿಟ್ಟು ನಡೆದಿದ್ದೇನೆ. ಜಾಸ್ತಿ ಬಂದರೆ ಇನ್ನೂ ದೊಡ್ಡ ತಲೆನೋವು. ನೂರು ರೂಪಾಯಿ ಹೆಚ್ಚಿಗೆ ಇದೆ ಅಂತ ಖುಷಿಪಡುವ ಹಾಗಿಲ್ಲ. ಯಾರದು, ಯಾಕೆ ಬಂತು ಅಂತ ಸ್ಲಿಪ್ಪುಗಳನ್ನೆಲ್ಲ ತಿರುವಿಹಾಕಬೇಕು. ಗೊತ್ತಾಗದಿದ್ದರೆ ಸಸ್ಪೆನ್ಸ್ ಖಾತೆಗೆ ಹಾಕಬೇಕು. ಅಲ್ಲಿ ಅದು ವಾರಸುದಾರರಿಗೆ ಕಾಯುತ್ತ ಬಿದ್ದಿರುತ್ತದೆ.

ಈ ಚಾಳಿ ಮನೆಗೂ ಬಂತು. ರಾತ್ರಿಯ ಪ್ರಾರ್ಥನೆಯೂ ಟ್ಯಾಲಿ ಮಾಡುವ ಕೆಲಸವಾಯಿತು. ಕೇಳಿದ್ದು ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು. ಮಗನ ಕೆಲಸ ಬಾಕಿ. ಮಂಡಿನೋವು ಬಾಕಿ. ಹುಣಸೆಮರದ ಕೆಳಗೆ ಬರೆದುಕೊಟ್ಟ ಹಾಳೆಯಂತೂ ತುಂಬ ಹಳೆಯ ಬಾಕಿ. ಕೇಳದೆ ಬಂದದ್ದನ್ನು ಯಾವ ಕಾಲಂನಲ್ಲಿ ಬರೆಯುವುದು ಗೊತ್ತಾಗುತ್ತಿರಲಿಲ್ಲ. ಮಳೆಗೆ ಕರೆಂಟು ಹೋಗಿ, ಸಿಸ್ಟಮ್ ನಿಂತು, ಮ್ಯಾನೇಜರೂ ಸೇರಿ ಎಲ್ಲರೂ ಒಂದು ಗಂಟೆ ಕಳ್ಳೇಕಾಯಿ ತಿಂದು ಹರಟಿದ ಮಧ್ಯಾಹ್ನ. ಎರಡು ವರ್ಷ ಮಾತು ಬಿಟ್ಟಿದ್ದ ತಂಗಿ ಕ್ರಿಸ್‌ಮಸ್ ದಿನ ಕರ್ಜಿಕಾಯಿ ಡಬ್ಬ ಹಿಡಿದು ಬಾಗಿಲಲ್ಲಿ ನಿಂತದ್ದು. ಪೆನ್ಷನ್ ತಗೊಳ್ಳಲು ಬರುತ್ತಿದ್ದ ಒಬ್ಬ ಮುದುಕರು ಪ್ರತಿ ತಿಂಗಳೂ ಕೌಂಟರಿನ ಮೇಲೆ ಇಟ್ಟುಹೋಗುತ್ತಿದ್ದ ಒಂದು ಸಂಪಿಗೆ ಹೂವು. ಸಂಪಿಗೆಗೆ ಸ್ಲಿಪ್ಪು ಎಲ್ಲಿಂದ ತರುವುದು? ಎಲ್ಲ ಸಸ್ಪೆನ್ಸ್ ಖಾತೆಗೆ ಹೋಯಿತು.

ಸತ್ಯವೇದದಲ್ಲೂ, ಅಂದರೆ ನಮ್ಮ ಬೈಬಲಿನಲ್ಲೂ, ಕೊಸರು ಇದೆ ಅಂತ ನನಗೆ ಗೊತ್ತಾದದ್ದು ರಿಟೈರ್ ಆದ ಮೇಲೆ. ಅದೂ ಒಂದು ಲೆಕ್ಕ ಕೂಡದೆ ಹೋದದ್ದರಿಂದ. ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ಒಂದು ದುಡ್ಡಿಗೆ ಎರಡು ಗುಬ್ಬಿ ಮಾರುತ್ತಾರಲ್ಲ ಅನ್ನುತ್ತಾರೆ. ಲೂಕನ 12ನೇ ಅಧ್ಯಾಯದಲ್ಲಿ ಎರಡು ದುಡ್ಡಿಗೆ ಐದು ಗುಬ್ಬಿ. ನನ್ನ ಕಣ್ಣು ಅಲ್ಲೇ ನಿಂತಿತು. ಒಂದಕ್ಕೆ ಎರಡಾದರೆ ಎರಡಕ್ಕೆ ನಾಲ್ಕು. ಐದನೆಯದು ಎಲ್ಲಿಂದ ಬಂತು? ಎರಡು ಪುಟಗಳ ನಡುವೆ ಬೆರಳಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದೆ. ಆಮೇಲೆ ಹೊಳೆಯಿತು. ಆ ಗುಬ್ಬಿ ಮಾರುವವನೂ ನಮ್ಮ ಸೊಪ್ಪಿನಾಕೆಯ ಪೈಕಿಯೇ. ಐದನೆಯದು ಕೊಸರು!

ಆ ದುಡ್ಡು ಅನ್ನುವುದು ರೋಮನ್ನರ ಒಂದು ತಾಮ್ರದ ಕಾಸು. ಅಂಥ ಹದಿನಾರು ಸೇರಿದರೆ ಕೂಲಿಯವನ ಒಂದು ದಿನದ ಸಂಬಳ. ಗುಬ್ಬಿ ಬಡವರು ಕೊಳ್ಳುವ ಮಾಂಸ. ಅದರಲ್ಲೂ ಈ ಐದನೆಯದಕ್ಕೆ ಆ ಅರ್ಧ ಕಾಸಿನ ಬೆಲೆಯೂ ಇಲ್ಲ. ಇವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅಂತ ಅಲ್ಲೇ ಮುಂದೆ ಇದೆ. ಒಂದನ್ನೂ ಅಂದರೆ ಐದನೆಯದನ್ನೂ, ಅಲ್ವಾ? ನಾನು ಇಷ್ಟು ವರ್ಷ ಆ ವಾಕ್ಯವನ್ನು ಬಾಯಿಪಾಠವಾಗಿ ಹೇಳಿದ್ದೇನೆ, ಸಂಡೇ ಸ್ಕೂಲ್ ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ. ಗುಬ್ಬಿಗಳನ್ನು ಎಣಿಸಿರಲಿಲ್ಲ.

ಆಮೇಲೆ ಎಲ್ಲಿ ತೆಗೆದರೂ ಅದೇ. ರೂತಳು ಹಕ್ಕಲಾಯುವ, ಅಂದರೆ ಕೊಯ್ಲಿನವರ ಹಿಂದೆ ಬಿದ್ದ ತೆನೆ ಆಯುವ, ಕಥೆ ನೋಡಿ. ಹೊಲದ ಯಜಮಾನ ಬೋವಜ ತನ್ನ ಆಳುಗಳಿಗೆ, ಸಿವುಡುಗಳಿಂದ ಬೇಕಂತಲೇ ಒಂದಷ್ಟು ತೆನೆ ಎಳೆದು ಬಿಟ್ಟುಬಿಡಿ, ಅವಳು ಆಯ್ದುಕೊಳ್ಳಲಿ, ಗದರಬೇಡಿ ಅನ್ನುತ್ತಾನೆ. ರೂತಳಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಅವಳ ಪಾಲಿಗೆ ಅದು ಬೆನ್ನು ಬಗ್ಗಿಸಿ ದುಡಿದ ಇನ್ನೊಂದು ದಿನ. ಸಂಜೆ ಬಡಿದು ನೋಡಿದರೆ ಇಪ್ಪತ್ತು ಲೀಟರಿಗೂ ಮೇಲೆ ಜವೆಗೋಧಿ! ಮನೆಗೆ ತಂದಾಗ ಅತ್ತೆ ಮೊದಲು ಕೇಳಿದ್ದು, ‘ಇವತ್ತು ಎಲ್ಲಿ ಆಯ್ದೆ?’ ಅಂತ. ಅತ್ತೆಯಂದಿರಿಗೆ ಹೆಚ್ಚಿಗೆ ಬಂದದ್ದು ತಕ್ಷಣ ಕಾಣುತ್ತದೆ. ಹಾಗೇ ಲೂಕನಲ್ಲೇ ಇನ್ನೊಂದು ಕಡೆ ಅಳತೆಯ ಮಾತು ಬರುತ್ತದೆ. ಅದುಮಿ, ಅಲ್ಲಾಡಿಸಿ, ಹೊರಗೆ ಚೆಲ್ಲುವಷ್ಟು ತುಂಬಿ ಮಡಿಲಿಗೆ ಹಾಕುವುದು. ರಾಗಿ ಅಳೆಸಿಕೊಂಡವರಿಗೆ ಇದಕ್ಕೆ ವಿವರಣೆ ಬೇಕಿಲ್ಲ. ಅದುಮದೆ ಅಳೆದರೆ ಮೋಸ. ಅದುಮಿ ಅಲ್ಲಾಡಿಸಿದರೆ ನ್ಯಾಯ. ಹೊರಗೆ ಚೆಲ್ಲಿದರೆ ಕೊಸರು.

ಈ ದೊಡ್ಡ ಸಂಶೋಧನೆಯನ್ನು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರ ಮುಂದೆ ಇಟ್ಟೆ. ‘ಅಯ್ಯನವರೇ, ದೇವರ ಕೃಪೆ ಅಂದರೆ ಕೊಸರು.’ ಅವರಿಗೆ ನನ್ನ ಮಗನ ವಯಸ್ಸು. ಸೆಮಿನರಿ ಓದು ಇನ್ನೂ ಬಿಸಿಬಿಸಿ ಇದೆ. ಸ್ವಲ್ಪ ಯೋಚಿಸಿ, ‘ಚೆನ್ನಾಗಿದೆ ಆಂಟಿ, ಆದರೆ ಒಂದು ತೊಂದರೆ. ಕೊಸರು ಸಿಗಬೇಕಾದರೆ ಮೊದಲು ಏನಾದರೂ ಕೊಳ್ಳಬೇಕಲ್ಲ? ಕೃಪೆ ಹಾಗಲ್ಲ. ನಾವು ಕೊಂಡದ್ದು ಏನೂ ಇಲ್ಲ, ಕೊಳ್ಳೋಕೆ ಆಗೋದೂ ಇಲ್ಲ’ ಅಂದರು. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯವನ್ನೂ ನೆನಪು ಮಾಡಿದರು. ಮಾತು ಸರಿಯೇ. ಮನೆಗೆ ಬರುವ ದಾರಿಯಲ್ಲಿ ಬೇಜಾರಾಯಿತು. 31 ವರ್ಷ ಲೆಕ್ಕ ಮಾಡಿದವಳು ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದೆ.

ಆ ವಾರದ ಮನೆ ಪ್ರಾರ್ಥನೆ ಕೂಟಕ್ಕೆ ಹೋಗಲು ಮನಸ್ಸೇ ಇರಲಿಲ್ಲ. ಮಂಡಿನೋವು ಒಂದು ಕಡೆ, ಏಳು ಗಂಟೆಯ ಧಾರಾವಾಹಿ ಇನ್ನೊಂದು ಕಡೆ. ಸಮಾಧಾನಕ್ಕೆ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರನ್ನು ನೆನೆಸಿಕೊಂಡೆ. ನಮ್ಮದು ಮೂಲದಲ್ಲಿ ವೆಸ್ಲಿಯನ್ ಮಿಷನ್ನಿನ ಸಭೆ, 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಯೊಳಗೆ ಸೇರಿದ್ದು. ವೆಸ್ಲಿಯವರೂ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದದ್ದು ಮನಸ್ಸಿಲ್ಲದ ಮನಸ್ಸಿನಿಂದಲೇ. ಅಲ್ಲಿ ಯಾರೋ ಧರ್ಮಸುಧಾರಕ ಲೂಥರನ ಬರಹ ಓದುತ್ತಿದ್ದರಂತೆ. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾಯಿತು ಅಂತ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಂದರೆ ಅವರೂ ಗಡಿಯಾರ ನೋಡುತ್ತಲೇ ಕೂತಿದ್ದರು ಅಂತಾಯಿತು.

ಹಾಡು, ಓದು ಮುಗಿದು ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವ, ಹೊತ್ತು ಬಂತು. ಒಬ್ಬರ ಮಗನಿಗೆ ವೀಸಾ ಸಿಕ್ಕಿದೆ. ಒಬ್ಬರ ಯಜಮಾನರಿಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದಾರೆ. ಇನ್ನೊಬ್ಬರ ಕಾರು ರಿಂಗ್ ರೋಡಿನಲ್ಲಿ ಲಾರಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿದೆ. ಪ್ರತಿಯೊಂದಕ್ಕೂ ‘ಸ್ತೋತ್ರ’ ಅಂದೆವು. ನನ್ನ ಸರದಿ ಬಂತು. ನನ್ನ ಹತ್ತಿರ ವೀಸಾನೂ ಇಲ್ಲ, ಲಾರಿಯೂ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ‘ಇವತ್ತು ಸೊಪ್ಪಿನವಳು ಕರಿಬೇವು ಜಾಸ್ತಿನೇ ಹಾಕಿದಳು. ಅದಕ್ಕೆ ಸ್ತೋತ್ರ.’

ಯಾರೂ ಏನೂ ಅನ್ನಲಿಲ್ಲ. ಫ್ಯಾನು ಕಿರ್ರ್ ಅನ್ನುತ್ತಿತ್ತು. ಪಕ್ಕದ ಹುಡುಗಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ಆಗ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಯೆತ್ತಿದರು. ನಂಜನಗೂಡಿನಿಂದ ಮಗಳ ಮನೆಗೆ ಬಂದವರು, ಎಂಬತ್ತು ದಾಟಿದೆ. ‘ನಂಗೆ ಇವತ್ತು ಬಸ್ಸಲ್ಲಿ ಸೀಟು ಸಿಕ್ತು ಕಣ್ರಪ್ಪಾ. ಕಿಟಕಿ ಸೀಟು’ ಅಂದರು. ಮೊಮ್ಮಗಳು ಸುಮ್ನಿರಜ್ಜಿ ಅನ್ನುವಂತೆ ಸನ್ನೆ ಮಾಡಿದಳು. ಅಜ್ಜಿ ಸುಮ್ಮನಾಗಲಿಲ್ಲ. ಸೊಂಟದ ಚೀಲದಿಂದ ಮಡಿಸಿದ ಟಿಕೆಟ್ಟು ತೆಗೆದರು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ನಮ್ಮ ಹೆಂಗಸರಿಗೆ ಕೊಡುತ್ತಾರಲ್ಲ, ಶೂನ್ಯ ದರದ ಟಿಕೆಟ್ಟು, ಅದು. ‘ದುಡ್ಡು ಕೊಟ್ಟು ಹತ್ತಿದ್ನಾ ಅಂದ್ರೆ ಅದೂ ಇಲ್ಲ. ಸೊನ್ನೆ! ಬಿಟ್ಟಿ ಹತ್ತಿದೋಳು ನಿಂತ್ಕೊಂಡ್ ಬಂದ್ರೂ ಆಗ್ತಿತ್ತು. ಅದರ ಮೇಲೆ ಒಬ್ಬ ಕಾಲೇಜು ಹುಡುಗ ಎದ್ದು, ಕೂತ್ಕೊಳ್ಳಜ್ಜಿ ಅಂದ.’

ಟಿಕೆಟ್ಟು ಕೈಯಿಂದ ಕೈಗೆ ದಾಟಿ ಅಯ್ಯನವರ ಹತ್ತಿರ ಹೋಯಿತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ‘ಕೊಳ್ಳದೇನೂ ಕೊಸರು ಸಿಗುತ್ತೆ ಅಂತೀರಾ ಆಂಟಿ?’ ಅಂದರು. ನಾನೇನೂ ಅನ್ನಲಿಲ್ಲ. ಅಪ್ಪನಾಗಿದ್ದರೆ ಬಿಡುತ್ತಿರಲಿಲ್ಲ.

ಆಮೇಲೆ ಕೂಟದ ಬಾಯಿ ಬಿಚ್ಚಿತು. ವೀಸಾದವರೇ ಮತ್ತೆ ಶುರುಮಾಡಿ, ಮಗ ಯಾರೂ ಹೇಳದೆ ಬಚ್ಚಲುಮನೆ ಉಜ್ಜಿದ ಅಂದರು. ಅವರ ದನಿ ವೀಸಾ ಹೇಳುವಾಗ ಇಷ್ಟು ನಡುಗಿರಲಿಲ್ಲ. ಸ್ಟೆಂಟಿನವರ ಹೆಂಡತಿ, ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಪರಿಚಯವಿಲ್ಲದ ಹೆಂಗಸೊಬ್ಬರು ತಮ್ಮ ಚಾಪೆಯಲ್ಲಿ ಅರ್ಧ ಬಿಟ್ಟುಕೊಟ್ಟದ್ದನ್ನು ಹೇಳಿದರು. ದುಪಟ್ಟಾ ಹುಡುಗಿಗೆ ಏನೋ ಹೇಳುವುದಿತ್ತು, ಹೇಳಲಿಲ್ಲ. ನನ್ನ ಧಾರಾವಾಹಿ ಯಾವಾಗಲೋ ಮುಗಿದಿತ್ತು.

ಕೊನೆಯ ಪ್ರಾರ್ಥನೆ ಆದ ಮೇಲೆ ಮನೆಯಾಕೆ ಉಪ್ಪಿಟ್ಟು, ಕಾಫಿ ತಂದರು. ಎಲ್ಲರ ಲೋಟಕ್ಕೂ ಬಗ್ಗಿಸಿದ ಮೇಲೂ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ‘ಅಯ್ಯನವರೇ, ಇನ್ನೊಂಚೂರು?’ ಅಂದರು.

‘ಅಯ್ಯೋ ಬೇಡ, ಸಾಕು ಸಾಕು’ ಅಂದರು ಅಯ್ಯನವರು. ಲೋಟವನ್ನು ಮಾತ್ರ ಮುಂದಕ್ಕೇ ಚಾಚಿದ್ದರು.