ಬೋರ್ಡ್ ಇದ್ದ ಕಾರಣ ಅಪ್ಪ ಯಾರನ್ನೂ ಕೇಳಲಿಲ್ಲ

ಕಳೆದ ತಿಂಗಳು ಅಪ್ಪ ಒಂದು ಅರ್ಜಿ ಕೊಡಲು ಬಸ್ಸು ಹತ್ತಿ ಕಚೇರಿಗೆ ಹೋಗಿದ್ದರು. ಅಲ್ಲಿ ಗೋಡೆಯಲ್ಲಿ ಎರಡು ಬೋರ್ಡ್ ಉಂಟು, ಒಂದು ಮಲಯಾಳದ್ದು, ಒಂದು ಕನ್ನಡದ್ದು. ಕನ್ನಡ ಬೋರ್ಡ್‌ನಲ್ಲಿ ಅರ್ಜಿ ತೆಗೆದುಕೊಳ್ಳುವುದು ಶುಕ್ರವಾರ ಎಂದಿತ್ತು. ಅಪ್ಪ ಹಿಂದೆ ಬಂದು ಶುಕ್ರವಾರ ಪುನಃ ಹೋದರು. "ಈಗ ಬುಧವಾರ ಮಾತ್ರ, ಬೋರ್ಡ್ ನೋಡ್ಲಿಲ್ವಾ?" ಅಂದರಂತೆ ಕಚೇರಿಯವರು. ನೋಡಿದರೆ ಮಲಯಾಳದ ಬೋರ್ಡ್‌ಗೆ ಹೊಸ ಚೀಟಿ ಅಂಟಿಸಿದ್ದರು, ಕನ್ನಡದ್ದು ಹಳೆಯದೇ. ಅಪ್ಪ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರು ಕಲಿತದ್ದು ಪೂರ್ತಿ ಕನ್ನಡ ಶಾಲೆಯಲ್ಲಿ.

ಮನೆಗೆ ಬಂದು ಜಗಲಿಯಲ್ಲಿ ಕೂತು ಹೇಳಿದರು: "ಬೋರ್ಡ್ ಇಲ್ಲದಿದ್ರೆ ನಾನು ಯಾರನ್ನಾದ್ರೂ ಕೇಳ್ತಿದ್ದೆ. ಇದ್ದ ಕಾರಣ ಕೇಳ್ಲಿಲ್ಲ."

ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದ ಇಲ್ಲಿಯವರೆಗೆ ಕನ್ನಡದಲ್ಲೂ ಬೋರ್ಡ್ ಬೇಕು, ಫಾರಂ ಬೇಕು ಎಂದು ನಮ್ಮವರು ಕೇಳುತ್ತಲೇ ಬಂದಿದ್ದಾರೆ. ಆದರೆ ಹಾಕಿದ ಬೋರ್ಡನ್ನು ಆಮೇಲೆ ನೋಡಿಕೊಳ್ಳುವವರು ಯಾರು?

ಇದು ನನಗೆ ಇಷ್ಟು ತಾಗಲು ಇನ್ನೊಂದು ಕಾರಣ ಉಂಟು. ನಾನು ಬಿಡುವಿನಲ್ಲಿ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯ (ಯಾರು ಬೇಕಾದರೂ ನೋಡಿ ಬಳಸಬಹುದಾದ ಸಿದ್ಧ ಕೋಡ್) ರೆಫರೆನ್ಸ್ ಪುಟಗಳನ್ನು, ಅಂದರೆ ಅದರ ಯಾವ ಭಾಗ ಏನು ಮಾಡುತ್ತದೆ ಎಂದು ಬರೆದಿಟ್ಟ ಪುಟಗಳನ್ನು, ನೋಡಿಕೊಳ್ಳುತ್ತೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಸರಿ ಉಂಟೋ ಇಲ್ಲವೋ ಎಂದು ಟೆಸ್ಟ್ ಮಾಡಲು ಪೈಟೆಸ್ಟ್ ಎಂಬುದು ಉಂಟಲ್ಲ, ಅದರ ಜೊತೆ ಕೆಲಸ ಮಾಡುವ ಲೈಬ್ರರಿ ಇದು. ಇದರಲ್ಲಿ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್‌ನ ತುಂಡು), ಎಷ್ಟು ಹೊತ್ತು ಕಾಯಬೇಕು ಎಂದು ನಾವು ಹೇಳದಿದ್ದರೆ ತಾನಾಗಿ 30 ಸೆಕೆಂಡ್ ಕಾಯುತ್ತಿತ್ತು. ಕೋಡ್‌ನಲ್ಲಿ ಅದನ್ನು 5 ಮಾಡಿದೆವು. ಪುಟದಲ್ಲಿ 30 ಹಾಗೇ ಉಳಿಯಿತು. ಪುಟ ಕಟ್ಟುವ ಸ್ಫಿಂಕ್ಸ್ ಫಂಕ್ಷನ್‌ನ ಹೆಸರು, ಆರ್ಗ್ಯುಮೆಂಟ್ (ಅದಕ್ಕೆ ನಾವು ಕೊಡುವ ಮಾಹಿತಿ) ಎಲ್ಲವನ್ನೂ ಕೋಡ್‌ನಿಂದಲೇ ಎತ್ತಿಕೊಳ್ಳುತ್ತದೆ ನಿಜ. ಆದರೆ ಈ 30 ನಾವು ಕೆಳಗೆ ಮಾತಿನಲ್ಲಿ ಬರೆದಿದ್ದ ಸಾಲು. ಅದನ್ನು ಬದಲಿಸಲು ಮನುಷ್ಯರೇ ಬೇಕು. ಒಬ್ಬರು ಆ ಸಾಲನ್ನು ನಂಬಿ ಎರಡು ದಿನ ತಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದರು. ಅಪ್ಪನ ಹಾಗೆ ಅವರೂ ಯಾರನ್ನೂ ಕೇಳಲಿಲ್ಲ. ಬರೆದಿತ್ತಲ್ಲ!

ರೆಫರೆನ್ಸ್ ಅಂದರೆ ಪಾಠ ಅಲ್ಲ. ಪೈಟೆಸ್ಟ್‌ನವರು ಕಲಿಯಲು ಶುರು ಮಾಡುವ ಪುಟ, ಇಂಥದ್ದನ್ನು ಹೇಗೆ ಮಾಡುವುದು ಎಂಬ ಪುಟ, ವಿವರಣೆ, ರೆಫರೆನ್ಸ್ ಎಲ್ಲ ಬೇರೆಬೇರೆ ಇಟ್ಟಿದ್ದಾರೆ. ರೆಫರೆನ್ಸ್ ನಮ್ಮ ಮನೆಯ ಪಂಚಾಂಗದ ಹಾಗೆ. ಯಾರೂ ಕೂತು ಓದುವುದಿಲ್ಲ, ತಿಥಿ ನೋಡಿ ಮುಚ್ಚಿಡುತ್ತಾರೆ. ಆ ತಿಥಿ ಒಂದು ದಿನ ಆಚೀಚೆ ಆದರೆ ಉಳಿದ ಪುಟಗಳು ಎಷ್ಟು ಚಂದ ಇದ್ದರೂ ಏನು ಪ್ರಯೋಜನ?

ಒಂದು ಒಳ್ಳೆಯ ಸಾಲು ಎಷ್ಟು ಕೆಲಸ ಮಾಡುತ್ತದೆ ನೋಡಿ. ಕೋಡ್ ಎರರ್ ಕೊಡಬೇಕಾದಲ್ಲಿ ಕೊಡುತ್ತದಾ ಎಂದು ನೋಡುವ ಪೈಟೆಸ್ಟ್‌ನ ರೈಸಸ್‌ನಲ್ಲಿ ಮ್ಯಾಚ್ ಎಂಬ ಆರ್ಗ್ಯುಮೆಂಟ್ ಉಂಟು. ಬರಬೇಕಾದ ಎರರ್‌ನ ಮಾತು ಇದೇನಾ ಎಂದು ನೋಡಲು. ನಿಮ್ಮ ಎರರ್ "ತೂಕ (ಕೆಜಿ) ತಪ್ಪು" ಎಂದಿರಲಿ. ಅದನ್ನೇ ಅಕ್ಷರ ಬಿಡದೆ ಮ್ಯಾಚ್‌ಗೆ ಕೊಟ್ಟರೂ ಟೆಸ್ಟ್ ಫೇಲ್! ಯಾಕೆಂದರೆ ಅದು ಸುಮ್ನೆ ಮಾತು ಹೋಲಿಸುವುದಿಲ್ಲ, ರೆಜೆಕ್ಸ್ (ಅಕ್ಷರಗಳ ಮಾದರಿಯನ್ನು ಹುಡುಕುವ ಬರಹ) ಎಂದು ಓದುತ್ತದೆ. ರೆಜೆಕ್ಸ್‌ನಲ್ಲಿ ಕಂಸಕ್ಕೆ ಬೇರೆಯೇ ಅರ್ಥ, ಹಾಗಾಗಿ ಅದು ಹುಡುಕುವುದು ಕಂಸ ಇಲ್ಲದ "ತೂಕ ಕೆಜಿ ತಪ್ಪು". ಪೈಟೆಸ್ಟ್‌ನ ರೆಫರೆನ್ಸ್‌ನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ಕಂಸವನ್ನು ಕಂಸ ಎಂದೇ ಓದುವಂತೆ ಮಾಡಲು ಪೈಥಾನ್‌ನ ರೀ ಮಾಡ್ಯೂಲ್‌ನ ಎಸ್ಕೇಪ್ ಬಳಸಿ ಎಂದೂ ಹೇಳಿದ್ದಾರೆ. ಬರೆದವರು ಯಾರೋ ಗೊತ್ತಿಲ್ಲ, ನನ್ನ ಒಂದು ರಾತ್ರಿ ಉಳಿಸಿದ್ದಾರೆ.

ಹಾಗಾಗಿ ನಮ್ಮ ಲೈಬ್ರರಿಯಲ್ಲಿ ಈಗ ನಾನು ಹಟ ಹಿಡಿದಿದ್ದೇನೆ. ಕೋಡ್ ಬದಲಾದರೆ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿ ಎಂದು ಕಳಿಸುವ ಕೋರಿಕೆ) ರೆಫರೆನ್ಸ್ ಕೂಡ ಬದಲಾಗಬೇಕು. ಯಾವ ಆವೃತ್ತಿಯಿಂದ ಬದಲಾಯಿತು ಎಂದೂ ಬರೆಯಬೇಕು, ಹಳೆಯ ಆವೃತ್ತಿಯಲ್ಲೇ ಇರುವವರು ಜಾಸ್ತಿ. "ಡಾಕ್ಸ್ (ಈ ಪುಟಗಳು) ಆಮೇಲೆ ಮಾಡುವ" ಎಂದರೆ ನಾನು ಒಪ್ಪುವುದಿಲ್ಲ. ಆ ಆಮೇಲೆ ಬರುವುದೇ ಇಲ್ಲ, ಅಲ್ವಾ? ಉದಾಹರಣೆಗಳನ್ನಾದರೂ ಯಂತ್ರ ನೋಡಿಕೊಳ್ಳುತ್ತದೆ. 2001ರ ಪೈಥಾನ್ 2.1ರಿಂದಲೂ ಡಾಕ್‌ಟೆಸ್ಟ್ ಉಂಟು, ಪುಟದಲ್ಲಿರುವ ಉದಾಹರಣೆಯನ್ನು ನಿಜವಾಗಿ ಓಡಿಸಿ, ಬರೆದ ಉತ್ತರವೇ ಬಂತಾ ನೋಡುತ್ತದೆ. ಇಷ್ಟು ಸುಲಭದ್ದನ್ನು ಬಳಸದೆ ಇರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಮಾತಿನಲ್ಲಿ ಬರೆದ ಸಾಲು ಸುಳ್ಳಾದರೆ ಅದಕ್ಕೆ ಗೊತ್ತಾಗುವುದಿಲ್ಲ.

"ಈಗ ಎಐಗೆ ಕೇಳಿದ್ರೆ ಆಯ್ತು, ಪುಟ ಯಾರು ಓದ್ತಾರೆ" ಎನ್ನುವವರೂ ಇದ್ದಾರೆ. ಆ ಎಐ ಕಲಿಯುವುದೂ ಇಂಥ ಪುಟಗಳಿಂದಲೇ.

ಬದಿಯಡ್ಕದ ಕಡೆಯ ಒಬ್ಬ ಕಾಲೇಜು ಹುಡುಗ ಓಪನ್ ಸೋರ್ಸ್‌ಗೆ ಹೇಗೆ ಬರುವುದು ಎಂದು ಕೇಳಿದ್ದ. ನಮ್ಮ ರೆಫರೆನ್ಸ್ ಕೊಟ್ಟು, ಒಂದೊಂದೇ ಸಾಲು ನಿಜವಾ ನೋಡು ಎಂದೆ. ಮೂರನೇ ದಿನ ಮೆಸೇಜ್ ಬಂತು: "ಅಣ್ಣಾ, ಖಾಲಿ ಲಿಸ್ಟ್ ಕೊಟ್ರೆ ಎಂತ ಆಗ್ತದೆ ಅಂತ ಇಲ್ಲಿ ಬರೆದೇ ಇಲ್ಲ." ಎರಡು ವರ್ಷದಿಂದ ಆ ಪುಟ ನೋಡುತ್ತಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವನೇ ಓಡಿಸಿ ನೋಡಿ, ಎರರ್ ಬರುತ್ತದೆ ಎಂದು ಒಂದು ಸಾಲು ಬರೆದು ಕಳಿಸಿದ. ನಿನ್ನೆ ರಾತ್ರಿ ಅದು ಸೇರಿತು.