ಸೈಟ್ ಡೌನ್ ಅಂತೆ, ರೇಟ್ ಎಷ್ಟು?

ಕಳೆದ ವಾರ ಮತ್ತೆ ಸೈಟ್ ಡೌನ್ ಆಯಿತು. ಇದೇನು ಸುದ್ದಿಯಲ್ಲ ಬಿಡಿ. ಪೇಪರಿನವರು ಹೋದ ತಿಂಗಳ ವರದಿಗೇ ಹೊಸ ತಾರೀಕು ಅಂಟಿಸಿ ಹಾಕಿದರೂ ಯಾರಿಗೂ ಗೊತ್ತಾಗಲ್ಲ. ಆದರೆ ನಮ್ಮ ಸೋದರಮಾವನಿಗೆ ಫೋನ್ ಮಾಡಿ, 'ಸೈಟ್ ಡೌನ್ ಆಗಿದೆಯಂತೆ ಮಾವ' ಅಂದೆ ನೋಡಿ, ಅವರ ದನಿಗೆ ಎಲ್ಲಿಲ್ಲದ ಹುರುಪು ಬಂತು.

'ಹೌದೇನೋ? ಸ್ಕ್ವೇರ್ ಫೀಟ್ ಎಷ್ಟಕ್ಕಿಳೀತು? ಪಕ್ಕದ್ದೂ ಕೇಳಿಟ್ಟಿರು.'

ಅವರದೇನೂ ತಪ್ಪಿಲ್ಲ. ಎಪ್ಪತ್ತೆರಡು ವರ್ಷ ಈ ಬೆಂಗಳೂರಿನಲ್ಲಿ ಕಳೆದವರಿಗೆ ಸೈಟ್ ಅಂದರೆ ನೆಲ. ಮೂವತ್ತು-ನಲವತ್ತು. ಅಂದರೆ 1200 ಚದರಡಿ, ಒಂದು ಗುಂಟೆಗಿಂತ ಒಂದು ರೂಮಿನಷ್ಟು ಜಾಸ್ತಿ. ತಾತ ಎಕರೆಗಟ್ಟಲೆ ರಾಗಿ ಬಿತ್ತಿದ ಹೊಲದಲ್ಲೇ ಮೊಮ್ಮಗ ಒಂದು ಗುಂಟೆ ಕೊಂಡು, ಇಪ್ಪತ್ತು ವರ್ಷ ಇಎಂಐ ಕಟ್ಟಿ, ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾನೆ. ಆ ಒಂದು ಗುಂಟೆಯ ಹೆಸರೇ ಸೈಟ್.

ಇಂಗ್ಲಿಷಿನವರು ಪಾಪ, ಮೂರು ಬೇರೆ ಬೇರೆ ಪದ, ಮೂರು ಸ್ಪೆಲ್ಲಿಂಗ್ ಇಟ್ಟುಕೊಂಡು ಒದ್ದಾಡುತ್ತಾರೆ. ಜಾಗಕ್ಕೆ ಒಂದು. ಕಣ್ಣಿನ ನೋಟಕ್ಕೆ ಇನ್ನೊಂದು. ಕೋರ್ಟಿನಲ್ಲಿ ಹಳೇ ತೀರ್ಪನ್ನು ಎತ್ತಿ ತೋರಿಸುವುದಕ್ಕೆ ಮತ್ತೊಂದು. ನಾವು ಮೂರನ್ನೂ ಒಂದೇ ಥರ ಬರೆದು ಕೈ ತೊಳೆದುಕೊಂಡೆವು. ಒಂದೇ ಸೈಟನ್ನು ಮೂರು ಜನಕ್ಕೆ ಬರೆದುಕೊಡುವುದು ಈ ಊರಿಗೆ ಹೊಸದೇನಲ್ಲವಲ್ಲ.

ಹೀಗಾಗಿ ನಮ್ಮ ವಕೀಲ ಮಿತ್ರರೊಬ್ಬರು ಒಂದು ಸೈಟಿನ ಕೇಸಿನಲ್ಲಿ ಎಂಟು ತೀರ್ಪು ಸೈಟ್ ಮಾಡಿದರು. ಎದುರು ಪಕ್ಷದವರು ಒಂಬತ್ತು ಸೈಟ್ ಮಾಡಿದರು. ಒಟ್ಟು ಹದಿನೇಳು. ಕಕ್ಷಿದಾರನಿಗೆ ಮಾತ್ರ ಇನ್ನೂ ಒಂದೂ ಸಿಕ್ಕಿಲ್ಲ.

ಸೈಟ್ ಅಂದಕೂಡಲೇ ನಮ್ಮ ಮನೆಯಲ್ಲಿ ಒಂದು ಕಥೆ ಬರಲೇಬೇಕು. ನಮ್ಮ ಚಿಕ್ಕಮ್ಮ ಇದನ್ನು ಪ್ರತಿ ಮದುವೆಯಲ್ಲೂ ಹೇಳುತ್ತಾರೆ. ಹೇಳಿದಷ್ಟೂ ಉದ್ದವಾಗುತ್ತಿದೆ, ಹಾಗಾಗಿ ಎಷ್ಟು ನಿಜವೋ ನಾನಂತೂ ಗ್ಯಾರಂಟಿ ಕೊಡಲ್ಲ. ಚಾಮರಾಜಪೇಟೆಯ ಒಂದು ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತು ಆಗಿದೆ. ಹುಡುಗಿಯ ಅಜ್ಜ ಗಂಟಲು ಸರಿಮಾಡಿಕೊಂಡು ಮುಖ್ಯ ವಿಷಯಕ್ಕೆ ಬಂದರು.

'ಹುಡುಗನಿಗೆ ಸೈಟ್ ಇದೆಯೋ?'

ಹುಡುಗನ ತಾಯಿಗೆ ಎದೆ ಧಸಕ್ಕೆಂದಿತು. ಕನ್ನಡಕ ತೆಗೆಸಿ ಕರೆದುಕೊಂಡು ಬಂದಿದ್ದರು. ಯಾರೋ ಚಾಡಿ ಹೇಳಿದ್ದಾರೆ ಅಂದುಕೊಂಡು, 'ಸ್ವಲ್ಪ ಇದೆ' ಅಂದರು.

'ಸ್ವಲ್ಪ ಅಂದರೆ? ಎಷ್ಟು?'

'ಬಲಗಡೆ ಎರಡೂವರೆ, ಎಡಗಡೆ ಮೂರು.'

ಅಜ್ಜ ನೆಟ್ಟಗೆ ಕೂತರು. ಐದೂವರೆ ಸೈಟ್! ರಸ್ತೆಯ ಎರಡೂ ಕಡೆ! 'ಯಾವಾಗ ಮಾಡಿದ್ದು?' ಅಂತ ಕೇಳಿದರು, ದನಿ ಮೆತ್ತಗಾಗಿತ್ತು.

'ಏಳನೇ ಕ್ಲಾಸಿನಲ್ಲೇ ಬಂತು. ವರ್ಷಾ ವರ್ಷಾ ಜಾಸ್ತಿ ಆಗ್ತಾ ಇದೆ.'

ಮದುವೆ ಆಯಿತು. ಹುಡುಗಿ ಹುಡುಗನಿಗೆ ಅದಕ್ಕೆ ಮುಂಚೆಯೇ ಕಾಲೇಜಿನ ಬಸ್ ಸ್ಟಾಪಿನಲ್ಲಿ ಸೈಟ್ ಹೊಡೆಯುತ್ತಿದ್ದಳು ಅನ್ನೋದು ಚಿಕ್ಕಮ್ಮ ಇತ್ತೀಚೆಗೆ ಸೇರಿಸಿದ ಭಾಗ. ಅದನ್ನು ಬೇಕಾದರೆ ಬಿಟ್ಟುಬಿಡಿ.

ಐಟಿಯವರದು ಇನ್ನೊಂದು ಕಥೆ. ಸಿವಿಲ್ ಎಂಜಿನಿಯರ್ ಆನ್‌ಸೈಟ್ ಅಂದರೆ ತಲೆ ಮೇಲೆ ಹೆಲ್ಮೆಟ್, ಷರ್ಟಿನ ಮೇಲೆ ಸಿಮೆಂಟು. ಸಾಫ್ಟ್‌ವೇರ್‌ನವರು ಆನ್‌ಸೈಟ್ ಅಂದರೆ ನ್ಯೂಜೆರ್ಸಿ. ಅಲ್ಲಿ ಮೂರು ವರ್ಷ ಆನ್‌ಸೈಟ್ ಇದ್ದರೆ ಇಲ್ಲಿ ಒಂದು ಸೈಟ್. ಇನ್ನು ನಮ್ಮ ಮೇಸ್ತ್ರಿ. 'ಸೈಟಲ್ಲೇ ಇದ್ದೀನಿ ಸಾರ್' ಅಂದರೆ ಕಣ್ಣು ಮುಚ್ಚಿ ನಂಬಬಹುದು. ನಿಮ್ಮ ಸೈಟಲ್ಲ, ಅಷ್ಟೇ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾನು ಖುಷಿಯಿಂದ, 'ವರ್ಲ್ಡ್ ಹೆರಿಟೇಜ್ ಸೈಟ್ ಆಯ್ತು ಮಾವ' ಅಂದಿದ್ದೆ. ಅವರು ಯೋಚಿಸಿ, 'ಹೆರಿಟೇಜ್ ಅಂದ್ರೆ ಪಿತ್ರಾರ್ಜಿತ ತಾನೇ? ಹಾಗಾದ್ರೆ ಪಾಲು ಕೇಳೋರು ಬಂದೇ ಬರ್ತಾರೆ, ನೋಡ್ತಿರು' ಅಂದರು. ಅವರ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಜೋರಾಗಿ ಬಾಯಿಪಾಠ ಮಾಡುತ್ತಿದ್ದಳು: ಕಿಣ್ವದ ಮೇಲೆ ಆಕ್ಟಿವ್ ಸೈಟ್ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಸರಿಯಾದ ಅಣು ಬಂದು ಕೂತರೆ ಮಾತ್ರ ಕೆಲಸ ನಡೆಯುತ್ತದೆ, ಅದೇ ಥರ ಕಾಣುವ ಬೇರೆ ಅಣು ಬಂದು ಕೂತುಬಿಟ್ಟರೆ ನಿಜವಾದದ್ದಕ್ಕೆ ಜಾಗ ಸಿಗಲ್ಲ, ಅದನ್ನು ಇನ್ಹಿಬಿಟರ್ ಅನ್ನುತ್ತಾರೆ.

'ನಾವು ಒತ್ತುವರಿ ಅಂತೀವಿ ಕಣಮ್ಮ' ಅಂದರು ಮಾವ, ಪೇಪರಿನಿಂದ ತಲೆ ಎತ್ತದೆ.

ಈಗ ಡೌನ್ ಆದ ಸೈಟಿಗೆ ಬರೋಣ. ಅದೊಂದು ಸರ್ಕಾರಿ ಸೈಟ್. ಹೆಸರು ಬೇಡ, ನಿಮ್ಮ ಮನಸ್ಸಿಗೆ ಯಾವುದು ಬಂತೋ ಅದೇ ಇರಲಿ. ಮಾವನ ಸೈಟಿನ ದಾಖಲೆಯನ್ನು ಈ ಸೈಟಿಗೆ ಏರಿಸಬೇಕು. ಕ್ರಯಪತ್ರದಲ್ಲಿ ಅವರ ಹೆಸರು 'ರಾಮಚಂದ್ರಯ್ಯ'. ಆಧಾರ್‌ನಲ್ಲಿ 'ರಾಮಚಂದ್ರ'. ಆ 'ಯ್ಯ' ಎಲ್ಲಿ ಹೋಯಿತು ಅಂತ ಸೈಟ್ ಕೇಳುತ್ತದೆ. ಅದಕ್ಕೊಂದು ಅಫಿಡವಿಟ್ಟು. ಅಫಿಡವಿಟ್ ಏರಿಸಲು ಹೋದರೆ ಸೈಜ್ ಜಾಸ್ತಿ. ಸೈಜ್ ಕಮ್ಮಿ ಮಾಡಿದರೆ ಅಕ್ಷರ ಕಾಣಲ್ಲ. ಓಟಿಪಿ ಬರುವ ಹೊತ್ತಿಗೆ ಸೆಷನ್ ಮುಗಿದಿರುತ್ತದೆ. ಕಚೇರಿಗೇ ಹೋದೆವು. ಅಲ್ಲಿದ್ದವರು ಬಹಳ ಮರ್ಯಾದೆಯಿಂದ, 'ಇಲ್ಲಿಗೆ ಬರೋದೇ ಬೇಡ ಸಾರ್, ಎಲ್ಲ ಸೈಟಲ್ಲೇ ಆಗುತ್ತೆ' ಅಂದರು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಎಲ್ಲರಿಗೂ ತೆರೆದಿಟ್ಟ ಜಗತ್ತಿನ ಮೊಟ್ಟಮೊದಲ ವೆಬ್‌ಸೈಟನ್ನು ಸರ್ನ್ ಪ್ರಯೋಗಾಲಯದವರು ಮತ್ತೆ ಜೋಡಿಸಿಟ್ಟಿದ್ದಾರೆ. ಒತ್ತಿದ ಕೂಡಲೇ ತೆರೆಯುತ್ತದೆ. ಆದರೆ ಅಲ್ಲಿ ನಮ್ಮ ಮಾವನ ಖಾತೆ ಮಾಡಿಕೊಡಲ್ಲ.

ಈ ಊರು ಸೈಟಿಗೆ ಕೊಟ್ಟಷ್ಟು ಮರ್ಯಾದೆಯನ್ನು ಇನ್ಯಾವುದಕ್ಕೂ ಕೊಟ್ಟಿಲ್ಲ. ಧರ್ಮಾಂಬುಧಿ ಕೆರೆ ನಮಗೆ ಬರೀ ನೀರಾಗಿ ಕಾಣಲಿಲ್ಲ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಾಗಿ ಕಂಡಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕಂಡಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಸ್ಟೇಡಿಯಂ. ದೂರದೃಷ್ಟಿ, ಅಂದರೆ ಲಾಂಗ್ ಸೈಟ್, ಅಂದರೆ ಇದೇ ಅಲ್ವಾ? ಲೇಕ್ ವ್ಯೂ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಂಡವರಿಗೆ 2022ರ ಸೆಪ್ಟೆಂಬರಿನಲ್ಲಿ ಕೆರೆಯೇ ಹಾಲಿಗೆ ಬಂದು ದರ್ಶನ ಕೊಟ್ಟಿತು. ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊಗಳನ್ನು ನಾವೆಲ್ಲ ನೋಡಿ ನಕ್ಕೆವು.

ನಕ್ಕಿದ್ದು ಸಾಕು ಅನ್ನಿಸುತ್ತದೆ. 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಲ್ಲಿ ಬರೆದಿದೆ: ಲೇಔಟಿನಲ್ಲಿ ಕನಿಷ್ಠ ಶೇ 15 ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ 10 ನಾಗರಿಕ ಸೌಲಭ್ಯಕ್ಕೆ. ಅದಕ್ಕೇ ಸಿಎ, ಅಂದರೆ ಸಿವಿಕ್ ಅಮೆನಿಟಿ, ಸೈಟ್ ಅನ್ನುವುದು. ಕಾಯ್ದೆ ಬರೆದವರಿಗೆ ಬುದ್ಧಿ ಇತ್ತು. ಮಾವನದು ಖಾಸಗಿ ಲೇಔಟ್. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಪಾರ್ಕ್ ತೋರಿಸಿಯೇ ಮಾರಿದ್ದರು. ಈಗ ಆ ಹಸಿರಿನ ಮೇಲೆ ನಾಲ್ಕು ಅಂತಸ್ತಿನ ಪಿಜಿ ನಿಂತಿದೆ. ಮಕ್ಕಳು ರಸ್ತೆಯಲ್ಲಿ, ನೀರಿನ ಟ್ಯಾಂಕರ್ ಬಂದಾಗ ವಿಕೆಟ್ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾ ಕ್ರಿಕೆಟ್ ಆಡುತ್ತಾರೆ. ಯಾರನ್ನು ಕೇಳಬೇಕು ಇದನ್ನ? ಕೇಳಿ ಕೇಳಿ ನಾಲಿಗೆ ಸವೆದಿದೆ. ದೂರು ಕೊಡುವುದಕ್ಕೂ ಒಂದು ಸೈಟ್ ಇದೆ ಸ್ವಾಮಿ.

ಇರಲಿ. ಮೊನ್ನೆ ಭಾನುವಾರ ಸೈಟ್ ಅರ್ಧ ಗಂಟೆ ತೆರೆಯಿತು. ಎಲ್ಲ ತುಂಬಿಸಿಯಾಯಿತು. ಕೊನೆಗೆ ಸೈಟಿನ ಫೋಟೊ ಹಾಕಿ ಅಂತು. ನಾನೂ ಮಾವನೂ ಸ್ಕೂಟರ್ ಹತ್ತಿ ಓಡಿದೆವು. ಖಾಲಿ ಸೈಟಿನಲ್ಲಿ ಆಳೆತ್ತರದ ಪಾರ್ಥೇನಿಯಂ, ಯಾರದೋ ಮನೆ ಒಡೆದ ಇಟ್ಟಿಗೆ ಚೂರು, ಒಂದು ಕಾಲಿಲ್ಲದ ಸೋಫಾ, ಅದರ ಮೇಲೆ ಎರಡು ನಾಯಿ. 1994ರಲ್ಲಿ ಮಾವನೇ ನೆಡಿಸಿದ 'ಈ ಸೈಟ್ ಮಾರಾಟಕ್ಕಿಲ್ಲ' ಬೋರ್ಡಿನಲ್ಲಿ 'ಮಾರಾಟಕ್ಕಿ' ಮಾತ್ರ ಉಳಿದಿತ್ತು. ಅದಕ್ಕೆ ಒರಗಿಸಿದಂತೆ ಒಂದು ಎಳನೀರಿನ ಗಾಡಿ.

ಫೋಟೊ ತೆಗೆಯಲು ಗಾಡಿ ಸ್ವಲ್ಪ ಸರಿಸಪ್ಪಾ ಅಂದೆವು. ಅವನು ಮಚ್ಚು ಕೆಳಗಿಟ್ಟು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

'ಸೈಟ್ ನಿಮ್ದಾ ಸಾರ್? ಓನರ್ ಯಾರೂ ಇಲ್ಲ ಅಂದಿದ್ರಲ್ಲ. ನಿಮ್ದೇ ಅನ್ನೋಕೆ ಏನಾದ್ರೂ ಇದೆಯಾ?'

ಮಾವ ತಮ್ಮ ಫೋನ್ ತೆಗೆದು ತೋರಿಸಿದರು. ಪರದೆ ಪೂರ್ತಿ ಬೆಳ್ಳಗಿತ್ತು. ನಡುವೆ ಒಂದು ಸಣ್ಣ ಚಕ್ರ ಗಿರಗಿರ ತಿರುಗುತ್ತಿತ್ತು. ಅವನು ಕುತ್ತಿಗೆ ಬಗ್ಗಿಸಿ ಅದು ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸೋಫಾದಿಂದ ನಾಯಿಗಳನ್ನು ಓಡಿಸಿ, ಮಾವನಿಗೆ ಕೂರುವುದಕ್ಕೆ ಜಾಗ ಮಾಡಿಕೊಟ್ಟ.

'ಕೂತ್ಕೊಳಿ ಸಾರ್, ಇದು ಈಗ್ಲೇ ಆಗಲ್ಲ. ಗಂಜಿ ಇರೋದು ಕೊಡ್ಲಾ, ಬರೀ ನೀರಾ?'