ಗಡಿಯಾರ 5:30 ತೋರಿಸುತ್ತಿತ್ತು, ಮಾತು ಕೇಳಿದ್ದು ನಾನು

ಹುಬ್ಬಳ್ಳಿಯ ಗೋದಾಮಿಗೆ ಹೊಸ ಫೋನುಗಳನ್ನು ಜೋಡಿಸಿಕೊಟ್ಟು ಬಸ್ ಹತ್ತಿ ಎರಡು ಗಂಟೆಯಾಯಿತು. ಕಿಟಕಿಯ ಪಕ್ಕದ ಸೀಟು ಸಿಕ್ಕಿದೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಮೊಬೈಲ್ ನನ್ನ ಮುಖದ ಮುಂದೆ ಬಂದು ನಿಲ್ಲುತ್ತದೆ. ‘ನೋಡಿ ಮೇಡಂ, ನನ್ನದು ಬಂತು. ಹತ್ತು ಸೆಕೆಂಡು ಕೂಡ ಹಿಡಿಯಲಿಲ್ಲ.’

ಹತ್ತು ಸೆಕೆಂಡು! ಅದು ಯಾಕೆ ಹತ್ತೇ ಸೆಕೆಂಡಿನಲ್ಲಿ ಬಂತು ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗೂ ಗೊತ್ತಿರಲಿಲ್ಲ. ಸುಡುತ್ತಿರುವುದು ಅದೇ.

ಹನ್ನೆರಡು ಹ್ಯಾಂಡ್‌ಸೆಟ್‌ಗಳು. ಗೋದಾಮಿನಲ್ಲಿ ಔಷಧದ ಪೆಟ್ಟಿಗೆಗಳ ನಡುವೆ ಓಡಾಡುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವೈಫೈ ಫೋನುಗಳು. ಕರೆಗಳನ್ನು ಜೋಡಿಸಿಕೊಡುವ ಎಕ್ಸ್‌ಚೇಂಜ್ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ಪ್ರತಿ ಫೋನೂ ತನ್ನದೇ ವಿಪಿಎನ್ ಸುರಂಗದ, ಅಂದರೆ ಇಂಟರ್ನೆಟ್ಟಿನೊಳಗಿನ ಗುಟ್ಟಿನ ಖಾಸಗಿ ದಾರಿಯ ಮೂಲಕ ಅಲ್ಲಿಗೆ ಹೋಗಬೇಕು. ಎಲ್ಲಕ್ಕೂ ಒಂದೇ ಕೀಲಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಕಲಿಲ್ಲ. ಒಂದು ಫೋನು ಕಳೆದುಹೋದರೆ ಅದೊಂದರದ್ದನ್ನೇ ರದ್ದು ಮಾಡುವಂತಿರಬೇಕು ಎಂದು ಎರಡು ರಾತ್ರಿ ಕೂತು ಹನ್ನೆರಡಕ್ಕೂ ಬೇರೆ ಬೇರೆ ಪ್ರಮಾಣಪತ್ರ, ಅಂದರೆ ಡಿಜಿಟಲ್ ಗುರುತಿನ ಚೀಟಿ ಮಾಡಿದೆ. ಸುರಂಗವನ್ನು ಟಿಸಿಪಿ ಎಂಬ ರವಾನೆ ವಿಧಾನದ ಮೇಲೆ ಕಟ್ಟಿ ಎಂದು ಹಟ ಹಿಡಿದಿದ್ದವರ ಜೊತೆ ವಾದ ಮಾಡಿ, ಕಳೆದದ್ದಕ್ಕೆ ಕಾಯದ ಯುಡಿಪಿ ವಿಧಾನವನ್ನು ಉಳಿಸಿಕೊಂಡೆ. ಮಾತು ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ, ಪುಟ್ಟ ತುಣುಕುಗಳಾಗಿ ಹೋಗುತ್ತದೆ. ಟಿಸಿಪಿಯಲ್ಲಿ ಒಂದು ಕಳೆದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬರುವವೆಲ್ಲ ಸಾಲಿನಲ್ಲಿ ನಿಲ್ಲುತ್ತವೆ, ಮಾತು ತುಂಡಾಗುತ್ತದೆ. ಬೆಂಗಳೂರಿನಲ್ಲಿ ಹನ್ನೆರಡರಿಂದಲೂ ಕರೆ ಮಾಡಿ ನೋಡಿದೆ. ಎಲ್ಲವೂ ಸರಿಯಿದ್ದವು. ಬ್ಯಾಟರಿ ಬಿಚ್ಚಿ, ಪೆಟ್ಟಿಗೆಗೆ ತುಂಬಿ ಕಳಿಸಿದೆ.

ಬ್ಯಾಟರಿ ಬಿಚ್ಚಿ. ಈ ಎರಡು ಶಬ್ದ ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಹನ್ನೊಂದಕ್ಕೆ ಗೋದಾಮಿನಲ್ಲಿ ಸಣ್ಣ ಪೂಜೆ. ಮೊದಲ ಫೋನಿಗೆ ಕುಂಕುಮ ಹಚ್ಚಿದ್ದರು, ಅದರ ಪುಡಿ ಒತ್ತುಗುಂಡಿಗಳ ಸಂದಿಯಲ್ಲಿ ಕೂತಿತ್ತು. ನಿರ್ದೇಶಕರು ಅದನ್ನು ಎತ್ತಿಕೊಂಡು ಬೆಂಗಳೂರಿನ ನಂಬರ್ ಒತ್ತಿದರು. ಸುತ್ತ ಇಪ್ಪತ್ತು ಜನ. ಸದ್ದಿಲ್ಲ. ಮತ್ತೆ ಒತ್ತಿದರು. ಪರದೆಯ ಮೇಲೆ ‘ವಿಪಿಎನ್ ವಿಫಲ’ ಎಂದಷ್ಟೇ ಬಂತು. ನನ್ನ ಕೈಗೆ ಕೊಟ್ಟರು. ಇನ್ನೊಂದನ್ನು ತೆಗೆದೆ, ಅದೂ ಅಷ್ಟೇ. ಮೂರನೆಯದು, ನಾಲ್ಕನೆಯದು. ಅಂಗೈ ಬೆವರಿ ಫೋನು ಜಾರುತ್ತಿತ್ತು. ಯಾರೋ ಹಿಂದಿನಿಂದ ಕೇಳಿದರು, ‘ಮೇಡಂ, ನಿಮ್ಮ ಜೊತೆ ಹುಡುಗರು ಯಾರೂ ಬಂದಿಲ್ಲವೇ?’

ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹುಡುಗರು ಬಂದಿಲ್ಲವೇ ಎಂದು ಕೇಳುತ್ತಾರೆ.

ಆಗಲೇ ಲೆಕ್ಕಪತ್ರ ವಿಭಾಗದವರೊಬ್ಬರು ಮುಂದೆ ಬಂದದ್ದು. ತಮ್ಮ ಮೊಬೈಲ್ ತೆಗೆದು, ಅದೇ ಗೋದಾಮಿನ ವೈಫೈಯಲ್ಲಿ, ಕಚೇರಿಯ ವಿಪಿಎನ್ ಆ್ಯಪ್ ಒತ್ತಿ, ಹಸಿರು ಗುರುತು ಬಂದದ್ದನ್ನು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದರು. ನನಗೆ ತೋರಿಸಿ ಸುಮ್ಮನಾಗಿದ್ದರೆ ಸಹಿಸುತ್ತಿದ್ದೆ. ಆ ಮೊಬೈಲನ್ನು ನಿಧಾನವಾಗಿ ತಿರುಗಿಸಿ ಇಪ್ಪತ್ತು ಜನಕ್ಕೂ ತೋರಿಸಿದರು. ನಿರ್ದೇಶಕರು ಬೈಯಲಿಲ್ಲ. ‘ಸರಿ, ಆಗಲಿ, ಊಟದ ಮೇಲೆ ನೋಡೋಣ’ ಎಂದು ಎದ್ದುಹೋದರು. ಬೈದಿದ್ದರೇ ಚೆನ್ನಾಗಿತ್ತು. ಹಮಾಲರಲ್ಲಿ ಒಬ್ಬ ಹಿರಿಯರು ಗ್ಲಾಸಿನಲ್ಲಿ ಚಹಾ ತಂದು ‘ಕುಡಿ ತಂಗಿ’ ಎಂದರು. ಅಷ್ಟಕ್ಕೇ ಗಂಟಲು ಕಟ್ಟಿತು.

ಊಟಕ್ಕೆ ಹೋಗದೆ ಲ್ಯಾಪ್‌ಟಾಪ್ ಜೋಡಿಸಿ ಫೋನಿನೊಳಗಿನ ಲಾಗ್, ಅದರ ದಿನಚರಿಯ ದಾಖಲೆ ಇಳಿಸಿಕೊಂಡೆ. ಸಾಲು ಸಾಲಾಗಿ ಅದೇ ದೂರು: ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ. ಹೋದ ತಿಂಗಳು ಮಾಡಿದ್ದು ಇನ್ನೂ ಜಾರಿಗೆ ಬಂದಿಲ್ಲವೆಂದರೆ ಏನರ್ಥ? ಪರದೆಯ ಮೂಲೆ ನೋಡಿದೆ. 8:01. ಮಧ್ಯಾಹ್ನ ಒಂದೂವರೆಗೆ 8:01. ಸೆಟ್ಟಿಂಗ್‌ನಲ್ಲಿ ದಿನಾಂಕ 1970ರ ಜನವರಿ 1.

ಬ್ಯಾಟರಿ ಬಿಚ್ಚಿದಾಗ ಈ ಫೋನುಗಳು ಕಾಲವನ್ನೇ ಮರೆಯುತ್ತವೆ. ಮತ್ತೆ ಹಾಕಿದಾಗ ಗಣಕಗಳ ಲೆಕ್ಕ ಶುರುವಾಗುವ ದಿನಕ್ಕೆ, ಗ್ರೀನಿಚ್ ಲೆಕ್ಕದ 1970ರ ಮೊದಲ ಕ್ಷಣಕ್ಕೆ ಹೋಗಿ ನಿಲ್ಲುತ್ತವೆ. ಭಾರತದ ಕಾಲಮಾನದಲ್ಲಿ ಅದು ಬೆಳಗಿನ 5:30. ಸರ್ವರಿನಿಂದ ಸರಿಯಾದ ಸಮಯ ಸಿಗುವವರೆಗೂ ಅಲ್ಲಿಂದಲೇ ಎಣಿಸುತ್ತವೆ. ಆ ಲೆಕ್ಕಪತ್ರದವರ ಮೊಬೈಲ್‌ನಲ್ಲಿ ಸಿಮ್ ಇದೆ, ಟವರ್ ಅದಕ್ಕೆ ಸಮಯ ಹೇಳಿಕೊಡುತ್ತದೆ. ನನ್ನ ಹ್ಯಾಂಡ್‌ಸೆಟ್‌ಗೆ ಸಿಮ್ ಇಲ್ಲ, ಟವರ್ ಇಲ್ಲ. ಗೋದಾಮಿನ ಜಾಲ ಕಾಯುವ ಫೈರ್‌ವಾಲ್ ಅದಕ್ಕೆ ಬಿಟ್ಟಿರುವುದು ಒಂದೇ ಬಾಗಿಲು, ವಿಪಿಎನ್‌ನ 1194ನೇ ನಂಬರಿನ ಪೋರ್ಟ್. ಸಮಯದ ಸರ್ವರ್ ಇರುವುದು ಸುರಂಗದ ಆ ಕಡೆ. ಸುರಂಗ ತೆರೆಯಲು ಸರಿಯಾದ ಸಮಯ ಬೇಕು, ಸಮಯ ಬರಲು ಸುರಂಗ ತೆರೆಯಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ್ದಾರೆ.

ಹಾಕಿದವರು ಯಾರು? ಎರಡು ವಾರದ ಹಿಂದೆ ಭದ್ರತೆ ನೋಡಿಕೊಳ್ಳುವವರಿಗೆ ನಾನೇ ಬರೆದಿದ್ದೆ: ಸಮಯಕ್ಕಾಗಿ ಯುಡಿಪಿ 123ನೇ ಬಾಗಿಲನ್ನೂ ತೆರೆಯಿರಿ, ಒಂದೇ ಒಂದು ಸರ್ವರಿಗೆ ಸಾಕು. ಬಂದ ಉತ್ತರ: ‘ಹೆಚ್ಚುವರಿ ಬಾಗಿಲು ಅಪಾಯ. ಸಮಯ ಸುರಂಗದೊಳಗಿಂದಲೇ ಬರಲಿ.’ ಅಷ್ಟೇ. ಮಾತು ಮಾತಿಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ತೋರಿಸಿ ನಮ್ಮನ್ನು ಹೆದರಿಸುವವರು ಇವರು. ಲಾಗ್ 180 ದಿನ ಇಡಬೇಕು, ಘಟನೆ ನಡೆದರೆ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಎಲ್ಲ ಗಣಕ ವ್ಯವಸ್ಥೆಗಳ ಗಡಿಯಾರವನ್ನೂ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಿ ಎಂದೂ ಅದೇ ನಿರ್ದೇಶನ ಹೇಳುತ್ತದೆ. ಆ ಭಾಗ ಓದುವಾಗ ಅವರ ಕಣ್ಣಿಗೆ ಮಂಜು ಕವಿದಿತ್ತೇ?

ನಾನೂ ಅವತ್ತು ಸುಮ್ಮನಾದೆ. ಬೆಂಗಳೂರಿನಲ್ಲಿ ಸಮಯದ ಸರ್ವರ್ ಅದೇ ಜಾಲದಲ್ಲಿತ್ತು, ಫೋನುಗಳು ನಡೆಯುತ್ತಿದ್ದವು, ಮತ್ತೆ ಯಾಕೆ ಜಗಳ ಎಂದುಕೊಂಡೆ. ಬೆಳಿಗ್ಗೆ ಪರದೆಯ ಮೂಲೆಯಲ್ಲಿ 5:31 ಎಂದಿದ್ದನ್ನು ನಾನು ನೋಡಿದ್ದೆ ಕೂಡ. ನೋಡಿಯೂ ಮನಸ್ಸಿಗೆ ಹೋಗಲಿಲ್ಲ. ಆ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಬೇಡ ಎಂದು ಒಂದು ಸಾಲು ಬರೆದವರು ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕೂತಿದ್ದರು. ಇಪ್ಪತ್ತು ಜನರ ನಡುವೆ ಕುಂಕುಮ ಹಚ್ಚಿದ ಫೋನು ಹಿಡಿದು ನಿಂತವಳು ನಾನು. ಇದಕ್ಕೆ ಯಾರಾದರೂ ಉತ್ತರ ಕೊಡಿ. ಈ ಕೆಲಸದಲ್ಲಿರುವವರು ಎಷ್ಟೋ ಜನ ಇದನ್ನು ಓದುತ್ತಿದ್ದೀರಿ. ಗಡಿಯಾರಕ್ಕೆ ಒಂದು ಬಾಗಿಲು ಕೇಳುವುದು ತಪ್ಪೇ? ಆ ಫೋನು ಮಾಡಿದವರಾದರೂ ‘ವಿಪಿಎನ್ ವಿಫಲ’ ಎನ್ನುವ ಬದಲು ‘ದಿನಾಂಕ ತಪ್ಪಿದೆ’ ಎಂದು ತೋರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹನ್ನೆರಡು ಫೋನುಗಳ ಮೆನುವಿನೊಳಗೂ ಹೋಗಿ ದಿನಾಂಕ, ಗಂಟೆ, ನಿಮಿಷ ಕೈಯಾರೆ ಒತ್ತಿದೆ. ಒಂದೊಂದೇ ಎದ್ದು ಕೂತವು. ಮೂರು ಗಂಟೆಗೆ ನಿರ್ದೇಶಕರು ಕರೆ ಮಾಡಿ ಮಾತಾಡಿದರು, ‘ಧ್ವನಿ ಸ್ಪಷ್ಟವಾಗಿದೆ’ ಎಂದರು. ಆಗ ಅಲ್ಲಿದ್ದವರು ನಾಲ್ಕೇ ಜನ. ಮೊಬೈಲ್ ತೋರಿಸಿದವರು ಇರಲಿಲ್ಲ. ಸಂಜೆ ಕಚೇರಿಯ ಗುಂಪಿನಲ್ಲಿ ಭದ್ರತೆಯವರ ಸಂದೇಶ: ‘ಸಣ್ಣ ತಾಂತ್ರಿಕ ದೋಷ ಸರಿಪಡಿಸಲಾಗಿದೆ.’ ಯಾರ ದೋಷ, ಯಾರು ಸರಿಪಡಿಸಿದರು, ಒಂದು ಮಾತಿಲ್ಲ. ಕೆಳಗೆ ಹೆಬ್ಬೆರಳುಗಳ ಸಾಲು.

ಇರಲಿ, ಬಿಡಿ. ಫೋನು ನಡೆಯುತ್ತಿವೆಯಲ್ಲ, ಗೋದಾಮಿನವರಿಗೆ ಅನುಕೂಲವಾಯಿತಲ್ಲ, ಅಷ್ಟು ಸಾಕು ಎಂದು ಬರೆದು ಮುಗಿಸುವವಳಿದ್ದೆ.

ರಾಣೆಬೆನ್ನೂರು ದಾಟುವಾಗ ಗೋದಾಮಿನ ಸೂಪರ್‌ವೈಸರ್ ಕರೆ ಮಾಡಿದರು. ‘ಮೇಡಂ, ಏಳನೇ ನಂಬರಿನದು ಚಾರ್ಜ್ ಪೂರ್ತಿ ಇಳಿದು ಆಫ್ ಆಗಿತ್ತು. ಈಗ ಚಾರ್ಜಿಗೆ ಹಾಕಿ ಆನ್ ಮಾಡಿದೆ. ಮತ್ತೆ 5:30 ತೋರಿಸುತ್ತಿದೆ.’

ಮೆನುವಿನ ಗುಪ್ತಪದದಿಂದ ಹಿಡಿದು ಒಂದೊಂದು ಗುಂಡಿಯನ್ನೂ ಬಸ್ಸಿನಿಂದಲೇ ಹೇಳಿಕೊಟ್ಟೆ. ಪಕ್ಕದ ಸೀಟಿನವರು ನಿದ್ದೆಗೆಟ್ಟು ನನ್ನನ್ನೇ ನೋಡುತ್ತಿದ್ದಾರೆ. ಆ ಎರಡು ವಾರದ ಹಿಂದಿನ ಪತ್ರವನ್ನು ಈಗ ಮತ್ತೆ ತೆರೆದಿದ್ದೇನೆ. ಈ ಸಲ ನಿರ್ದೇಶಕರ ಹೆಸರನ್ನೂ ಸೇರಿಸಿ ಕಳಿಸುತ್ತಿದ್ದೇನೆ.